ಎರರ್ ಕೋಡಿಗೆ ವೋಚರ್ ಎಲ್ಲಿದೆ?

ಮನೆಯ ಡ್ರೈಯರ್ ಕೆಟ್ಟಿದೆ ಎಂದು ಸಿಯಾಟಲ್ ಸುತ್ತಮುತ್ತಲಿನ ಯಾವುದಾದರೂ ಕನ್ನಡ ಮನೆಯ ಪಾಟ್‌ಲಕ್ ಊಟದಲ್ಲಿ ಹೇಳಿ ನೋಡಿ. ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಿಂತ ನಾಲ್ವರಲ್ಲಿ ಮೂವರು ಒಂದೇ ಮಾತು ಆಡುತ್ತಾರೆ: “ಎಷ್ಟು ವರ್ಷ ಆಯ್ತು? ಏಳಾ? ಹಾಗಾದ್ರೆ ಹೊಸದು ತಗೊಂಡುಬಿಡಿ.” ನಾಲ್ಕನೆಯವರು ಆಗಲೇ ಫೋನು ತೆಗೆದು ಎಲ್ಲಿ ಸೇಲ್ ಇದೆ ಎಂದು ಹುಡುಕುತ್ತಿರುತ್ತಾರೆ. ಅದಕ್ಕೆ ಏನಾಗಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇವರು ದಡ್ಡರೇನಲ್ಲ. ರೆಡ್ಮಂಡ್, ಬೆಲ್‌ವ್ಯೂ, ಬಾಥೆಲ್‌ಗಳಲ್ಲಿ ಮನೆ ಮಾಡಿಕೊಂಡು ಸಾಫ್ಟ್‌ವೇರ್ ಬರೆಯುವ ಜನ. ಕಚೇರಿಯಲ್ಲಿ ಒಂದು ದೋಷ ಕಂಡರೆ ಮೂರು ದಿನ ಕುಳಿತು ಅದರ ಬೇರು ಹುಡುಕುವವರು. ಬೇರು ಸಿಗದೆ “ಎಲ್ಲವನ್ನೂ ಬಿಸಾಡಿ ಹೊಸದು ಬರೆಯೋಣ” ಎಂದ ಕಿರಿಯನನ್ನು ಮೀಟಿಂಗಿನಲ್ಲಿ ತರಾಟೆಗೆ ತೆಗೆದುಕೊಳ್ಳುವವರು. ಅದೇ ಜನ ಮನೆಗೆ ಬಂದು ಷೂ ಬಿಚ್ಚಿದ ಕೂಡಲೇ ಪ್ರಶ್ನೆ ಕೇಳುವುದನ್ನು ಏಕೆ ಬಿಟ್ಟುಬಿಡುತ್ತಾರೆ? ನನ್ನ ತಕರಾರು ಇರುವುದು ಇಲ್ಲಿ. ಕೆಟ್ಟದ್ದೇನು ಎಂದು ತಿಳಿಯದೆ ವಸ್ತುವನ್ನು ಎಸೆಯುವುದು ಅನುಕೂಲಸ್ಥರ ಸಹಜ ನಡವಳಿಕೆ ಎಂದು ನಾವು ಒಪ್ಪಿಕೊಂಡಿದ್ದೇವೆ. ನಾನು ಒಪ್ಪುವುದಿಲ್ಲ. ಲೆಕ್ಕ ಬರೆದು ಬದುಕುವವನಾದ್ದರಿಂದ ನನ್ನ ವಾದವನ್ನೂ ಲೆಕ್ಕದ ಮೂಲಕವೇ ಇಡುತ್ತೇನೆ.

ಊರಿನ ಓದುಗರಿಗೆ ಒಂದು ಮಾತು. ಈ ಕಡೆ ಡ್ರೈಯರ್ ಎನ್ನುವುದು ಐಷಾರಾಮವಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ಸಿಯಾಟಲ್‌ನಲ್ಲಿ ಬಿಸಿಲಿನ ಮುಖ ಕಾಣುವುದೇ ಅಪರೂಪ. ಮಲೆನಾಡಿನ ಮಳೆಯಂತೆ ಧೋ ಎಂದು ಸುರಿಯುವುದಿಲ್ಲ, ದಿನವಿಡೀ ಜಿನುಗುತ್ತದೆ. ಆಷಾಢದಲ್ಲಿ ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸಿದ ಮನೆಗಳನ್ನು ನೆನೆಸಿಕೊಳ್ಳಿ. ಆ ಒಲೆಯ ಕೆಲಸವನ್ನು ಇಲ್ಲಿ ಈ ಪೆಟ್ಟಿಗೆ ಮಾಡುತ್ತದೆ. ಒಳಗೆ ತಿರುಗುವ ಡ್ರಮ್, 240 ವೋಲ್ಟಿನ ಹೀಟರ್, ಗಾಳಿಯನ್ನು ಎಳೆದು ಗೋಡೆಯಾಚೆಗೆ ತಳ್ಳುವ ಫ್ಯಾನು. ಹೊರಹೋಗುವ ಗಾಳಿಯ ದಾರಿಯಲ್ಲಿ ಬೆರಳ ತುದಿಯಷ್ಟು ದೊಡ್ಡ ಒಂದು ಉಷ್ಣತೆಯ ಸೆನ್ಸರ್. ಅದರ ಹೆಸರು ಥರ್ಮಿಸ್ಟರ್.

ಥರ್ಮಿಸ್ಟರ್ ಬಹಳ ಸರಳ ವಸ್ತು. ಅದರಲ್ಲಿ ಚಕ್ರವಿಲ್ಲ, ಸ್ಪ್ರಿಂಗಿಲ್ಲ, ಸಾಫ್ಟ್‌ವೇರೂ ಇಲ್ಲ. ಬಿಸಿಯಾದಷ್ಟೂ ಅದರ ವಿದ್ಯುತ್ ರೋಧ ಕಡಿಮೆಯಾಗುತ್ತದೆ, ತಣ್ಣಗಾದಷ್ಟೂ ಹೆಚ್ಚಾಗುತ್ತದೆ. ಮನೆಬಳಕೆಯ ಡ್ರೈಯರುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಗೆಯದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 10,000 ಓಮ್ ತೋರಿಸುತ್ತದೆ. 60 ಡಿಗ್ರಿಗೆ ಹೋದರೆ ಎರಡೂವರೆ ಸಾವಿರದ ಆಸುಪಾಸಿಗೆ ಇಳಿಯುತ್ತದೆ. ಕಂಟ್ರೋಲ್ ಬೋರ್ಡು ಈ ರೋಧವನ್ನು ವೋಲ್ಟೇಜಿನ ಮೂಲಕ ಓದಿಕೊಂಡು ಹೀಟರನ್ನು ಹಚ್ಚುವುದೋ ಆರಿಸುವುದೋ ಎಂದು ತೀರ್ಮಾನಿಸುತ್ತದೆ. ಅಷ್ಟೇ ವ್ಯವಹಾರ.

ಈಗ ತಂತಿ ಎಲ್ಲೋ ಒಂದು ಕಡೆ ತುಂಡಾಯಿತು ಎಂದುಕೊಳ್ಳಿ. ರೋಧ ಅನಂತವಾಗುತ್ತದೆ. ಬೋರ್ಡಿನ ಕಣ್ಣಿಗೆ ಅದು ಹಿಮಾಲಯಕ್ಕಿಂತಲೂ ಕೊರೆಯುವ ಚಳಿ. ಅದನ್ನು ನಂಬಿ ಹೀಟರನ್ನು ಉರಿಸುತ್ತಲೇ ಹೋದರೆ ಬಟ್ಟೆಗೆ ಬೆಂಕಿ ಬಿದ್ದೀತು. ಹಾಗಾಗಿ ಬೋರ್ಡು ಕೆಲಸ ನಿಲ್ಲಿಸಿ ಒಂದು ಕೋಡ್ ತೋರಿಸುತ್ತದೆ. ಇದು ಯಂತ್ರದ ವಿವೇಕ. ಎಡವಟ್ಟು ಆಗುವುದು ಆ ಕೋಡನ್ನು ನಾವು ಓದುವ ರೀತಿಯಲ್ಲಿ. “ನನಗೆ ಬರುತ್ತಿರುವ ಸಂಖ್ಯೆ ನಂಬುವಂಥದ್ದಲ್ಲ” ಎಂದಷ್ಟೇ ಕೋಡ್ ಹೇಳುತ್ತಿರುತ್ತದೆ. ಸೆನ್ಸರ್ ಸತ್ತಿರಬಹುದು, ತಂತಿ ಕಡಿದಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು, ಅದರ ಪಿನ್ನಿಗೆ ಕಿಲುಬು ಹಿಡಿದಿರಬಹುದು, ಅಪರೂಪಕ್ಕೆ ಬೋರ್ಡೇ ಕೆಟ್ಟಿರಬಹುದು. ಇಷ್ಟೂ ಸಾಧ್ಯತೆಗಳಿಗೆ ಪರದೆಯ ಮೇಲೆ ಬರುವುದು ಒಂದೇ ಕೋಡ್. ಕೈಪಿಡಿಯಲ್ಲಿ ಅದರ ಮುಂದೆ “ಸೆನ್ಸರ್ ದೋಷ, ಸರ್ವಿಸ್‌ಗೆ ಕರೆ ಮಾಡಿ” ಎಂದು ಬರೆದಿರುತ್ತದೆ.

ಆರ್ಟಿಕಲ್‌ಶಿಪ್ ಮಾಡಿದವರಿಗೆಲ್ಲ ಗೊತ್ತಿರುವ ಪಾಠವೊಂದಿದೆ. ಲೆಡ್ಜರಿನಲ್ಲಿ ಬರೆದಿದೆ ಎಂದಮಾತ್ರಕ್ಕೆ ಖರ್ಚು ಆಗಿದೆ ಎಂದರ್ಥವಲ್ಲ, ವೋಚರ್ ತೋರಿಸು. ಎಂಟ್ರಿ ಎನ್ನುವುದು ಒಂದು ಹೇಳಿಕೆ, ವೋಚರ್ ಅದರ ಸಾಕ್ಷಿ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸ ಎಲ್ಲಿದೆ ಎಂದು ಪುಟ ಪುಟ ಹುಡುಕುತ್ತೇವೆಯೇ ಹೊರತು ಪುಸ್ತಕಗಳನ್ನು ರದ್ದಿಗೆ ಹಾಕಿ ಹೊಸ ಕಂಪನಿ ತೆರೆಯುವುದಿಲ್ಲ. ಎರರ್ ಕೋಡ್ ಒಂದು ಎಂಟ್ರಿ. ಅದಕ್ಕೆ ವೋಚರ್ ಮಲ್ಟಿಮೀಟರಿನ ಸಂಖ್ಯೆ. ವೋಚರ್ ನೋಡದೆ ಬಿಲ್ ಪಾಸು ಮಾಡುವ ಗುಮಾಸ್ತನನ್ನು ಯಾವ ಆಫೀಸಿನಲ್ಲೂ ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ಮಾತ್ರ ನಾವೆಲ್ಲ ಆ ಗುಮಾಸ್ತರೇ.

ನಮ್ಮ ಮನೆಯ ಲೆಕ್ಕವನ್ನೇ ಇಡುತ್ತೇನೆ. ಏಳು ವರ್ಷದ ಡ್ರೈಯರ್ ಕಳೆದ ಚಳಿಗಾಲದಲ್ಲಿ ಹತ್ತು ನಿಮಿಷ ಓಡಿ ನಿಲ್ಲಲು ಶುರುಮಾಡಿತು. ಉಷ್ಣತೆಯ ಸೆನ್ಸರಿನ ಕೋಡ್ ಬಂತು. ಕರೆಸಿದ ಸರ್ವಿಸ್ ಕಂಪನಿಯ ತಂತ್ರಜ್ಞ ಕೋಡ್ ಓದಿಕೊಂಡು ಎಸ್ಟಿಮೇಟ್ ಬರೆದುಕೊಟ್ಟ: ಬೋರ್ಡು 320 ಡಾಲರ್, ಸೆನ್ಸರ್ 45, ಕೂಲಿ 165, ಒಟ್ಟು 530. ಬಂದು ನೋಡಿದ್ದಕ್ಕೆ 140 ಬೇರೆ. ಅಳತೆ ಮಾಡಿದಿರಾ ಎಂದು ಕೇಳಿದೆ. “ಎರಡನ್ನೂ ಬದಲಿಸಿದರೆ ಅನುಮಾನವೇ ಇರುವುದಿಲ್ಲ” ಎಂದ. ನಾನು ಎಸ್ಟಿಮೇಟ್‌ಗೆ ಸಹಿ ಹಾಕಲಿಲ್ಲ.

ಆಮೇಲೆ ಮಾಡಿದ್ದು ಇಷ್ಟು. ಗೋಡೆಯಿಂದ ಪ್ಲಗ್ ಕಿತ್ತು ಸೆನ್ಸರಿನ ಎರಡೂ ತಂತಿಗಳನ್ನು ಬಿಡಿಸಿ ಅದರ ಕಾಲುಗಳಿಗೆ ಮಲ್ಟಿಮೀಟರ್ ಹಿಡಿದೆ. ಕೋಣೆಯ ಉಷ್ಣತೆ 21 ಡಿಗ್ರಿ ಇತ್ತು, ಮೀಟರು 12,000 ಓಮ್‌ನ ಹತ್ತಿರ ತೋರಿಸಿತು. ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಬಿಟ್ಟಾಗ ಸಂಖ್ಯೆ ಎಲ್ಲೂ ಎಗರದೆ ನಾಲ್ಕು ಸಾವಿರದ ಕೆಳಗಿಳಿಯಿತು. ಅಂದರೆ ಸೆನ್ಸರ್ ಗಟ್ಟಿಯಾಗಿದೆ. ತಂತಿಗಳನ್ನು ಮತ್ತೆ ಸೆನ್ಸರಿಗೆ ಸಿಕ್ಕಿಸಿ, ಅದೇ ಜೋಡಿಯ ಇನ್ನೊಂದು ತುದಿಯನ್ನು ಬೋರ್ಡಿನಿಂದ ಬಿಡಿಸಿ ಅಲ್ಲಿ ಅಳೆದೆ. ಮೀಟರಿನಲ್ಲಿ ಸಂಖ್ಯೆಯೇ ಇಲ್ಲ, ದಾರಿ ಕಡಿದಿದೆ. ತಂತಿಯನ್ನು ಅಲ್ಲಾಡಿಸಿದರೆ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಡ್ರಮ್ಮಿನ ಕುಲುಕಾಟಕ್ಕೆ ಒಂದು ತಂತಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಒಳಗೇ ತುಂಡಾಗಿತ್ತು. ಆ ಎರಡಂಗುಲ ಕತ್ತರಿಸಿ, ಬಿಸಿ ತಡೆಯುವ ಹೊಸ ತಂತಿ ಸೇರಿಸಿ, ಬಿಸಿಗೆಂದೇ ಮಾಡಿದ ಕ್ರಿಂಪ್ ಜಾಯಿಂಟ್ ಹಾಕಿ, ಮತ್ತೆ ತಗಡಿಗೆ ತಾಗದಂತೆ ಕಟ್ಟಿದೆ. ಮೀಟರ್ 25 ಡಾಲರ್, ತಂತಿ ಮತ್ತು ಜಾಯಿಂಟಿನ ಪ್ಯಾಕೆಟ್ 12. ಸಮಯ ಒಂದೂವರೆ ಗಂಟೆ.

ಇಲ್ಲಿ ಗಮನಿಸಬೇಕಾದದ್ದು ನನ್ನ ಜಾಣತನವಲ್ಲ, ಬಿಕಾಂ ಓದಿದವನಿಗೂ ಸಾಧ್ಯವಾಗುವ ಕೆಲಸ ಇದು. ಗಮನಿಸಬೇಕಾದದ್ದು ಆ 530ರ ಎಸ್ಟಿಮೇಟ್. ಬೋರ್ಡು ಹೊಸದಾಗುತ್ತಿತ್ತು, ಸೆನ್ಸರ್ ಹೊಸದಾಗುತ್ತಿತ್ತು, ಅವೆರಡರ ನಡುವಿನ ತುಂಡಾದ ತಂತಿ ಹಾಗೆಯೇ ಉಳಿಯುತ್ತಿತ್ತು. ವಾರದೊಳಗೆ ಅದೇ ಕೋಡ್ ಮರಳಿ ಬರುತ್ತಿತ್ತು. ಆಗ ಪಾಟ್‌ಲಕ್ಕಿನ ಹಿತೈಷಿಗಳು ಏನೆನ್ನುತ್ತಿದ್ದರು? “ನಾವು ಮೊದಲೇ ಹೇಳಿರಲಿಲ್ವಾ, ಹೊಸದು ತಗೊಳ್ಳಿ ಅಂತ.”

ಈಗ ಅವರ ವಾದಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

ಮೊದಲನೆಯದು, “ನನ್ನ ಗಂಟೆಗೆ ನೂರು ಡಾಲರ್ ಬೆಲೆ ಇದೆ, ನಾನೇಕೆ ಸ್ಕ್ರೂ ಬಿಚ್ಚಲಿ?” ಅವಕಾಶ ವೆಚ್ಚ ಎಂಬ ಒಳ್ಳೆಯ ಪರಿಕಲ್ಪನೆಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನೀವು ಆ ಗಂಟೆಯನ್ನು ನಿಜಕ್ಕೂ ಬೇರೆಯವರಿಗೆ ಮಾರುತ್ತಿದ್ದರೆ ಮಾತ್ರ ಅದಕ್ಕೆ ನೂರು ಡಾಲರ್. ತಿಂಗಳ ಸಂಬಳದವರ ಶನಿವಾರ ಬೆಳಗನ್ನು ಯಾವ ಕಂಪನಿಯೂ ಕೊಳ್ಳುತ್ತಿಲ್ಲ. ಇನ್ನೂ ಒಂದು ಮಾತು. ಇದೇ ಲೆಕ್ಕಾಚಾರದವರು ಹೊಸ ಮೆಷಿನ್ನಿಗಾಗಿ ಎರಡು ಸಂಜೆ ರಿವ್ಯೂ ಓದುತ್ತಾರೆ, ಅಂಗಡಿಗೆ ಹೋಗಿ ಬಾಗಿಲು ತೆರೆದು ಮುಚ್ಚಿ ನೋಡುತ್ತಾರೆ, ಡೆಲಿವರಿಯವರು ಬೆಳಿಗ್ಗೆ ಎಂಟರಿಂದ ಹನ್ನೆರಡರ ನಡುವೆ ಬರುತ್ತಾರೆಂದು ರಜೆ ಹಾಕಿ ಕಾಯುತ್ತಾರೆ. ಆ ಗಂಟೆಗಳ ಬೆಲೆ ಎಷ್ಟೆಂದು ಕೇಳಿದರೆ ಉತ್ತರವಿಲ್ಲ. ಡೆಬಿಟ್ ಒಂದು ಕಡೆ ಮಾತ್ರ ಬರೆದ ಲೆಕ್ಕ ಅದು.

ಎರಡನೆಯದು, “ರಿಪೇರಿ ಖರ್ಚು ಹೊಸದರ ಅರ್ಧಕ್ಕಿಂತ ಹೆಚ್ಚಾದರೆ ಹೊಸದನ್ನೇ ಕೊಳ್ಳಬೇಕು.” ಇದನ್ನು ಎಲ್ಲರೂ ಗಾಯತ್ರಿ ಮಂತ್ರದಂತೆ ಉರು ಹೊಡೆದಿದ್ದಾರೆ. ನಮ್ಮದಕ್ಕೆ ಸಮನಾದ ಹೊಸ ಯಂತ್ರಕ್ಕೆ 950 ಡಾಲರ್. ಅರ್ಧವೆಂದರೆ 475. ಎಸ್ಟಿಮೇಟ್ 530. ಸೂತ್ರದ ಪ್ರಕಾರ ಎಸೆಯಬೇಕು. ಆದರೆ ಸೂತ್ರದ ಒಳಗೆ ಹಾಕಿದ ಸಂಖ್ಯೆಯೇ ಅಳತೆಯಿಲ್ಲದ ಊಹೆ. ತಪ್ಪು ರೋಗನಿರ್ಣಯದ ಬೆಲೆಯನ್ನು ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಬರುವ ಉತ್ತರಕ್ಕೆ ಏನು ಅರ್ಥ? ಅದಲ್ಲದೆ 950 ಎನ್ನುವುದೂ ಪೂರ್ತಿ ಬೆಲೆಯಲ್ಲ. ನಮ್ಮ ಕಡೆ ಶೇಕಡಾ ಹತ್ತಕ್ಕೂ ಮೇಲಿನ ಮಾರಾಟ ತೆರಿಗೆ ಸೇರಿದರೆ ಸಾವಿರ ದಾಟುತ್ತದೆ. ಹಳೆಯದನ್ನು ಸಾಗಿಸುವ ಖರ್ಚೂ ಇದೆ. ಹಳೆಯ ಯಂತ್ರದ ಉಕ್ಕು ಕರಗಿ ಮರುಬಳಕೆಯಾದೀತು. ಸುಸ್ಥಿತಿಯಲ್ಲಿರುವ ಮೋಟಾರು, ಡ್ರಮ್ಮು, ಹೀಟರನ್ನು ತಯಾರಿಸಲು ಬಳಸಿದ ಶ್ರಮ ಮತ್ತು ಇಂಧನ ಮಾತ್ರ ಯಾವ ಕುಲುಮೆಯಿಂದಲೂ ವಾಪಸು ಬರುವುದಿಲ್ಲ. ಏಳು ವರ್ಷಕ್ಕೆ ಪುಸ್ತಕದಲ್ಲಿ ಸವಕಳಿ ಬರೆದು ಬೆಲೆಯನ್ನು ಸೊನ್ನೆ ಮಾಡಬಹುದು. ಪುಸ್ತಕದ ಸೊನ್ನೆಯನ್ನು ಯಂತ್ರ ಓದುವುದಿಲ್ಲ.

ಮೂರನೆಯದು ಸುರಕ್ಷತೆ. ಇದು ಗೌರವಿಸಬೇಕಾದ ವಾದ. 240 ವೋಲ್ಟ್ ಆಟದ ಸಾಮಾನಲ್ಲ. ಗ್ಯಾಸಿನಿಂದ ಉರಿಯುವ ಡ್ರೈಯರ್ ಇದ್ದವರು ಗ್ಯಾಸಿನ ಭಾಗಗಳಿಗೆ ಕೈ ಹಾಕಬಾರದು, ಅದಕ್ಕೆ ತರಬೇತಿ ಪಡೆದವರೇ ಬೇಕು. ಆದರೆ ರೋಧ ಅಳೆಯುವುದು ಪ್ಲಗ್ ಕಿತ್ತ ಯಂತ್ರದಲ್ಲಿ. ಕರೆಂಟು ಇರುವಾಗ ಆ ಅಳತೆ ಮಾಡಲೇಬಾರದು. ಸೆನ್ಸರಿಗೋ ಥರ್ಮಲ್ ಫ್ಯೂಸಿಗೋ ತಂತಿ ಸುತ್ತಿ “ಬೈಪಾಸ್” ಮಾಡುವ ಚಾಳಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಅದು ರಿಪೇರಿಯಲ್ಲ, ಅಪರಾಧ. ಇಷ್ಟಕ್ಕೂ ನಿಜವಾದ ಅಪಾಯ ಎಲ್ಲಿದೆ? ಅಮೆರಿಕದ ಕೇಂದ್ರ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಅಂಕಿಗಳನ್ನು ನೋಡಿ, ಮನೆಗಳಲ್ಲಿ ವರ್ಷಕ್ಕೆ ಸುಮಾರು 2,900 ಡ್ರೈಯರ್ ಬೆಂಕಿಗಳು ಎಂದು ಅಂದಾಜು ಮಾಡಿತು. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು, ಶೇಕಡಾ 34, ಶುಚಿ ಮಾಡದೇ ಇದ್ದದ್ದು. ಬಟ್ಟೆಯಿಂದ ಉದುರಿದ ನಾರು ವೆಂಟಿನ ಪೈಪಿನಲ್ಲಿ ಕಟ್ಟಿಕೊಂಡು ಗಾಳಿ ನಿಂತರೆ ಬಿಸಿ ಏರುತ್ತದೆ, ಫ್ಯೂಸು ಸುಡುತ್ತದೆ, ಸೆನ್ಸರ್ ಬೊಬ್ಬೆ ಹಾಕುತ್ತದೆ. ವೆಂಟ್ ನೋಡದೆ ಫ್ಯೂಸ್ ಮಾತ್ರ ಬದಲಿಸುವುದು, ಜ್ವರ ಬಂದವನಿಗೆ ಥರ್ಮಾಮೀಟರ್ ಬದಲಿಸಿದ ಹಾಗೆ. ಹೊಸ ಯಂತ್ರ ತಂದು ಅದೇ ಕಟ್ಟಿಕೊಂಡ ಪೈಪಿಗೆ ಜೋಡಿಸುವವರು ಯಾವ ಸುರಕ್ಷತೆಯನ್ನು ಕೊಂಡ ಹಾಗಾಯಿತು? ಯಂತ್ರದ ಒಳಗನ್ನು ಅರಿತವನ ಮನೆಯೇ ಹೆಚ್ಚು ಸುರಕ್ಷಿತ.

ನನ್ನ ಸಿಟ್ಟು ಆ ತಂತ್ರಜ್ಞನ ಮೇಲಲ್ಲ. ದಿನಕ್ಕೆ ಹಲವು ಮನೆ ಸುತ್ತಬೇಕು, ಒಂದೊಂದರಲ್ಲೂ ನಿಲ್ಲಲು ಸಮಯವಿಲ್ಲ, ಮತ್ತೆ ದೂರು ಬಂದರೆ ಅದು ಅವನ ತಲೆಗೆ. ಎಲ್ಲವನ್ನೂ ಬದಲಿಸುವುದು ಅವನಿಗೆ ಕ್ಷೇಮ. ಸಿಟ್ಟು ಇರುವುದು ಅಳತೆಯ ಪಟ್ಟಿಯನ್ನು ಮುಚ್ಚಿಡುವ ವ್ಯವಸ್ಥೆಯ ಮೇಲೆ. ಅಮೆರಿಕದಲ್ಲಿ ಮಾರಾಟವಾಗುವ ಎಷ್ಟೋ ವಾಷರ್, ಡ್ರೈಯರುಗಳ ತಗಡಿನ ಒಳಗೆ ಮಡಿಸಿದ ಕಾಗದವೊಂದು ಇರುತ್ತದೆ. ಯಾವ ಉಷ್ಣತೆಗೆ ಎಷ್ಟು ಓಮ್, ಯಾವ ಕೋಡಿಗೆ ಯಾವ ಪರೀಕ್ಷೆ, ಯಾವ ತಂತಿ ಎಲ್ಲಿಗೆ ಎಲ್ಲವೂ ಅದರಲ್ಲಿದೆ. ತಲೆಬರಹ ಮಾತ್ರ “ಸರ್ವಿಸ್ ತಂತ್ರಜ್ಞರ ಬಳಕೆಗೆ” ಎಂದು. ಕಾಗದಕ್ಕೂ ದುಡ್ಡು ಕೊಟ್ಟವನು ನಾನು, ಅದು ಇರುವುದೂ ನನ್ನ ಮನೆಯಲ್ಲಿ, ಓದುವ ಅಧಿಕಾರ ಮಾತ್ರ ನನಗಿಲ್ಲವಂತೆ! ಹೊಸ ಮಾದರಿಗಳಲ್ಲಿ ಆ ಕಾಗದವೂ ಪಾಸ್‌ವರ್ಡಿನ ಹಿಂದೆ ಹೋಗಿ ಕುಳಿತರೆ ನಮಗೆ ಉಳಿಯುವುದು ಕೋಡ್ ಒಂದೇ.

ತಯಾರಕರು ಇದಕ್ಕೆ ಕೊಡುವ ಸಮರ್ಥನೆಗಳು ಎರಡು, ಗ್ರಾಹಕರ ಸುರಕ್ಷತೆ ಮತ್ತು ವ್ಯಾಪಾರ ರಹಸ್ಯ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2021ರ ಮೇ ತಿಂಗಳಲ್ಲಿ ಸಂಸತ್ತಿಗೆ ಕೊಟ್ಟ ವರದಿಯಲ್ಲಿ, ರಿಪೇರಿಗೆ ಅಡ್ಡಿಮಾಡುವ ಇಂಥ ಸಮರ್ಥನೆಗಳಿಗೆ ಸಾಕ್ಷ್ಯ ಬಹಳ ಕಡಿಮೆ ಎಂದು ಹೇಳಿತು. ಥರ್ಮಿಸ್ಟರಿನ ಪಟ್ಟಿಯಲ್ಲಿ ರಹಸ್ಯವೇನಿದೆ? ಅದು ಪಿಯುಸಿ ಭೌತಶಾಸ್ತ್ರ. ಹೊರಗಿನವರು ಬಿಚ್ಚಿದರೆ ವಾರಂಟಿ ಹೋಯಿತು ಎಂದು ಹೆದರಿಸುವುದೂ ಇದೆ. 1975ರ ಮ್ಯಾಗ್ನಸನ್–ಮಾಸ್ ಕಾಯಿದೆಯ ಪ್ರಕಾರ, ತನ್ನದೇ ಬಿಡಿಭಾಗ, ತನ್ನದೇ ಸರ್ವಿಸ್ ಬಳಸಬೇಕೆಂದು ವಾರಂಟಿಗೆ ಷರತ್ತು ಹಾಕುವ ಹಾಗಿಲ್ಲ, ಅವನ್ನು ಪುಕ್ಕಟೆ ಕೊಟ್ಟರೆ ಬೇರೆ ಮಾತು. ಐವತ್ತು ವರ್ಷ ಹಳೆಯ ಈ ಕಾನೂನು ಗೊತ್ತಿಲ್ಲದೆ ನಾವು ಸ್ಟಿಕ್ಕರಿಗೆ ಹೆದರಿ ಕುಳಿತಿದ್ದೇವೆ.

ಗಾಳಿ ಈಗ ತಿರುಗುತ್ತಿದೆ. ಮಿನೆಸೋಟ ಮತ್ತು ಕ್ಯಾಲಿಫೋರ್ನಿಯಾಗಳ ರಿಪೇರಿ ಹಕ್ಕಿನ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ, ಎರಡೂ ಗೃಹೋಪಯೋಗಿ ಯಂತ್ರಗಳನ್ನು ಒಳಗೊಂಡಿವೆ. ಕ್ಯಾಲಿಫೋರ್ನಿಯಾದಲ್ಲಿ ನೂರು ಡಾಲರ್ ಮತ್ತು ಅದಕ್ಕೆ ಮೇಲ್ಪಟ್ಟ ವಸ್ತುಗಳಿಗೆ ಏಳು ವರ್ಷ ಬಿಡಿಭಾಗ, ಉಪಕರಣ, ಕೈಪಿಡಿ ಒದಗಿಸಬೇಕು. ನಮ್ಮ ವಾಷಿಂಗ್ಟನ್ ರಾಜ್ಯವೂ 2025ರಲ್ಲಿ ಡಿಜಿಟಲ್ ವಸ್ತುಗಳ ರಿಪೇರಿ ಹಕ್ಕಿನ ಕಾನೂನು ಮಾಡಿತು. ಗವರ್ನರ್ ಬಾಬ್ ಫರ್ಗುಸನ್ ಸಹಿ ಹಾಕಿದ ಆ ಕಾನೂನು 2026ರ ಜನವರಿ 1ರಿಂದ ಅನ್ವಯ. ಆದರೆ ಕಾನೂನು ಬಂದ ಮಾತ್ರಕ್ಕೆ ಏನೂ ಆಗುವುದಿಲ್ಲ. ಕೇಳುವವರಿಲ್ಲದ ಹಕ್ಕು ಕ್ಲೇಮ್ ಮಾಡದ ರೀಫಂಡಿನ ಹಾಗೆ, ಅದು ಕಂಪನಿಯ ಖಾತೆಯಲ್ಲೇ ಉಳಿಯುತ್ತದೆ.

ಊರಿನ ಓದುಗರು “ಇದು ಅಮೆರಿಕದವರ ದುಂದು, ನಮ್ಮಲ್ಲಿ ಹಾಗಿಲ್ಲ” ಎಂದು ಬೆನ್ನು ತಟ್ಟಿಕೊಳ್ಳುವುದು ಬೇಡ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗದ ಬಿಡಿಭಾಗವಿಲ್ಲ ಎಂಬ ಮಾತು ಹಿಂದೆಯೂ ಇತ್ತು, ಈಗಲೂ ಇದೆ. ಮಿಕ್ಸಿ ಜಾರಿನ ಬುಷ್ ಬದಲಿಸುವವರು, ಮಳೆಗಾಲಕ್ಕೆ ಮುಂಚೆ ಛತ್ರಿ ಕಡ್ಡಿ ಕಟ್ಟುವವರು, ಕುಕ್ಕರಿನ ವಾಲ್ವ್ ಹಾಕಿಕೊಡುವವರು ನಮ್ಮ ಎಲ್ಲ ಪೇಟೆಗಳಲ್ಲೂ ಇದ್ದರು. ಆದರೆ ಆ ವ್ಯವಸ್ಥೆಯ ಒಂದು ಕಾಲು ಕೌಶಲದ ಮೇಲೆ ನಿಂತಿದ್ದರೆ ಇನ್ನೊಂದು ಕಾಲು ಅಗ್ಗದ ಕೂಲಿಯ ಮೇಲೆ ನಿಂತಿತ್ತು. ಆ ರಿಪೇರಿಯವನ ಮಗ ಆ ಕೆಲಸಕ್ಕೆ ಏಕೆ ಬರಲಿಲ್ಲ ಎಂದು ನಾವು ಕೇಳಿಕೊಂಡಿಲ್ಲ. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಅದೇ ಮುಚ್ಚಿದ ಪೆಟ್ಟಿಗೆಗಳು, ಅದೇ ಕೋಡುಗಳು, “ಬೋರ್ಡ್ ಹೋಗಿದೆ ಸಾರ್, ಎಕ್ಸ್‌ಚೇಂಜ್ ಆಫರ್ ಇದೆ” ಎನ್ನುವ ಅದೇ ಮಾತು. ಭಾರತದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ನಿಮ್ಮ ಯಂತ್ರದ ಕೈಪಿಡಿ ಅಲ್ಲಿ ಸಿಗುತ್ತದೆಯೇ ಎಂದು ಒಮ್ಮೆ ನೋಡಿ. ಸಿಗದಿದ್ದರೆ ಕಂಪನಿಗೆ ಬರೆದು ಕೇಳಿ.

ಹಾಗಾದರೆ ಎಲ್ಲರೂ ಸ್ಕ್ರೂಡ್ರೈವರ್ ಹಿಡಿಯಬೇಕೇ? ಬೇಡ. ಎಲ್ಲರೂ ಸಿಎ ಮಾಡುವುದಿಲ್ಲ, ಆದರೂ ತಮ್ಮ ಬ್ಯಾಂಕ್ ಪಾಸ್‌ಬುಕ್ ಓದಲು ಎಲ್ಲರಿಗೂ ಬರಬೇಕು. ನಾನು ಕೇಳುವುದೂ ಅಷ್ಟೇ ಮಟ್ಟದ ತಿಳಿವು. ಎಸ್ಟಿಮೇಟ್ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳಿ. ಯಾವ ಭಾಗವನ್ನು ಅಳೆದಿರಿ? ಎಷ್ಟು ಬಂತು? ಎಷ್ಟು ಬರಬೇಕಿತ್ತು? ಉತ್ತರಗಳನ್ನು ಎಸ್ಟಿಮೇಟಿನ ಮೇಲೆಯೇ ಬರೆಸಿಕೊಳ್ಳಿ. ಸರಿಯಾಗಿ ಅಳೆದು ಹೇಳುವ ತಂತ್ರಜ್ಞನಿಗೆ ಅವನು ಕೇಳಿದಷ್ಟು ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ನಾವು ಕೊಡಬೇಕಾದದ್ದು ರೋಗನಿರ್ಣಯಕ್ಕೆ. ಬಿಡಿಭಾಗಗಳ ರಾಶಿಗೆ ಕೊಟ್ಟು ನಿರ್ಣಯವನ್ನು ಪುಕ್ಕಟೆ ಎಂದುಕೊಂಡಿದ್ದರಿಂದಲೇ ಕೆಲಸ ಕಲಿತವರು ಕಡಿಮೆಯಾದರು.

ನಮ್ಮ ಕಿಂಗ್ ಕೌಂಟಿ ಆಗಾಗ ಉಚಿತ ರಿಪೇರಿ ಮೇಳಗಳನ್ನು ನಡೆಸುತ್ತದೆ. ಡ್ರೈಯರನ್ನು ಹೊತ್ತುಕೊಂಡು ಹೋಗಲಾಗದು ನಿಜ, ಮಿಕ್ಸಿಯನ್ನೋ ಟೇಬಲ್ ಲ್ಯಾಂಪನ್ನೋ ಒಯ್ದು ಪಕ್ಕದಲ್ಲಿ ಕುಳಿತು ನೋಡಿದರೆ ಮೀಟರ್ ಹಿಡಿಯುವುದು ತಿಳಿಯುತ್ತದೆ. ಸಿಯಾಟಲ್‌ನ ಕೆಲವು ಬಡಾವಣೆಗಳಲ್ಲಿ ಪುಸ್ತಕದಂತೆ ಉಪಕರಣಗಳನ್ನು ಎರವಲು ಕೊಡುವ ಟೂಲ್ ಲೈಬ್ರರಿಗಳೂ ಇವೆ. ಇಲ್ಲಿನ ಸಹ್ಯಾದ್ರಿ ಕನ್ನಡ ಸಂಘಕ್ಕೆ ನನ್ನದೊಂದು ಬೇಡಿಕೆ: ಯುಗಾದಿ, ರಾಜ್ಯೋತ್ಸವಗಳ ನಡುವೆ ವರ್ಷಕ್ಕೊಂದು ಶನಿವಾರ ರಿಪೇರಿಗೆ ಇಡೋಣ. ನಮ್ಮಲ್ಲಿ ಇಂಜಿನಿಯರುಗಳಿಗೇನು ಬರಗಾಲವಿಲ್ಲ. ಮಕ್ಕಳಿಗೆ ರೋಧ, ತಂತಿ, ಕಿಲುಬು, ಬೆಸುಗೆ ಎಂಬ ಕನ್ನಡ ಪದಗಳೂ ಸಿಗುತ್ತವೆ, ಪದಗಳ ಹಿಂದಿನ ವಸ್ತುಗಳೂ ಸಿಗುತ್ತವೆ. ಮೊದಲ ಮೀಟರ್ ನಾನು ತರುತ್ತೇನೆ.